ವಿಆರ್‌ನಲ್ಲಿ ನನ್ನ ಅವತಾರ ನನಗಿಂತ ದಪ್ಪ ಕಂಡಿತು. ತಪ್ಪು ಕಣ್ಣಿನದ್ದಾ, ಸ್ಕ್ಯಾನಿನದ್ದಾ?

ಮಲೆನಾಡ್_ಮಳೆ (ಪ್ರಶ್ನೆ)

ನಮಸ್ಕಾರ. ಪ್ರಶ್ನೆ ಸ್ವಲ್ಪ ವಿಚಿತ್ರವಾಗಿದೆ, ನಕ್ಕರೂ ಪರವಾಗಿಲ್ಲ, ಉತ್ತರ ಮಾತ್ರ ಕೊಡಿ.

ಹೋದ ತಿಂಗಳು ನಾನು, ತಂಗಿ ಇಬ್ಬರೂ ಬೆಂಗಳೂರಿನಲ್ಲಿ ಒಂದು ಟೆಕ್ ಮೇಳಕ್ಕೆ ಹೋಗಿದ್ದೆವು. ಅಲ್ಲೊಂದು ಸ್ಟಾಲಿನಲ್ಲಿ ಸುತ್ತ ಕ್ಯಾಮೆರಾ ನಿಲ್ಲಿಸಿ, ಮೈಯನ್ನೆಲ್ಲ ಸ್ಕ್ಯಾನ್ ಮಾಡಿ, ನಮ್ಮದೇ ಅವತಾರ ತಯಾರಿಸಿ ತೋರಿಸುತ್ತಿದ್ದರು. ವಿಆರ್ (ವರ್ಚುವಲ್ ರಿಯಾಲಿಟಿ, ಕಂಪ್ಯೂಟರ್ ಕಟ್ಟಿಕೊಡುವ ಲೋಕ) ಹೆಡ್‌ಸೆಟ್ ಹಾಕಿಕೊಂಡರೆ ಎದುರಿಗೆ ಆಳೆತ್ತರದ ಕನ್ನಡಿ, ಅದರೊಳಗೆ ನಾನು. ಕೈ ಎತ್ತಿದರೆ ಅವಳೂ ಎತ್ತುತ್ತಾಳೆ. ಮುಖ ನನ್ನದೇ, ಮೈಮೇಲಿನ ಕುರ್ತಾನೂ ನನ್ನದೇ. ಆದರೆ ಸೊಂಟ, ತೋಳು ಎಲ್ಲ ನನಗಿಂತ ಒಂದು ಸುತ್ತು ಜಾಸ್ತಿ! "ಇದು ನಾನಲ್ಲ" ಅಂತ ನಾನು, ಪಕ್ಕದ ಸ್ಕ್ರೀನ್ ನೋಡಿಕೊಂಡು "ನೀನೇ ಕಣೇ, ಒಂಚೂರೂ ವ್ಯತ್ಯಾಸ ಇಲ್ಲ" ಅಂತ ತಂಗಿ.

ಆಮೇಲೆ ಕೈಗೆ ಒಂದು ರಿಮೋಟು ಕೊಟ್ಟು, ನಿಮ್ಮ ಹಾಗೆ ಕಾಣುವ ತನಕ ದಪ್ಪ ತೆಳು ಮಾಡಿ ಅಂದರು. ನಾನು ನಿಲ್ಲಿಸಿದ ಜಾಗ ನನ್ನ ನಿಜವಾದ ತೂಕಕ್ಕಿಂತ ಕಡಿಮೆ ಬಂತು. ತಂಗಿ ಕಡ್ಡಿ ಥರ ಇದ್ದಾಳೆ, ಅವಳು ತನ್ನನ್ನು ನಿಜಕ್ಕಿಂತ ದಪ್ಪ ಮಾಡಿಕೊಂಡಳು. ಇದು ಹೇಗೆ? ಇನ್ನೊಂದು, ಕನ್ನಡಿಯಲ್ಲಿ ಕಂಡಾಗ ಒಂದು ಥರ, ತಲೆ ಬಗ್ಗಿಸಿ ಹೊಟ್ಟೆ ನೋಡಿಕೊಂಡಾಗ ಬೇರೆಯೇ ಥರ ಅನ್ನಿಸಿತು.

ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ನಮ್ಮ ಅಣ್ಣನ ಮಗಳು ಹತ್ತನೇ ಕ್ಲಾಸು. ಈಚೆಗೆ ದಿನಾ "ಅತ್ತೆ, ನಾನು ದಪ್ಪ ಆಗಿದ್ದೇನೆ" ಅಂತ ರಾತ್ರಿ ಊಟ ಬಿಡುತ್ತಿದ್ದಾಳೆ. ನೋಡಿದರೆ ಮೂಳೆ ಕಾಣುತ್ತದೆ. ಅವಳಿಗೆ ಹೀಗೆ ಅವತಾರ ಮಾಡಿಸಿ, ನೋಡು ನಿನ್ನ ನಿಜವಾದ ಅಳತೆ ಇಷ್ಟೇ ಅಂತ ತೋರಿಸಿದರೆ ಬುದ್ಧಿ ಬರುತ್ತದಾ?

ಪಿಕ್ಸೆಲ್_ಭಟ್ರು

ವಿಆರ್ ಗ್ರಾಫಿಕ್ಸ್ ಕೆಲಸವೇ ನನ್ನದು, ಹಾಗಾಗಿ ಉದ್ದ ಬರೆಯುತ್ತೇನೆ.

ನೀವು ಕೆಳಗೆ ಸರಿಸಿದ್ದು, ತಂಗಿ ಮೇಲೆ ಸರಿಸಿದ್ದು, ಎರಡಕ್ಕೂ ಕಾರಣ ಒಂದೇ. ನಮ್ಮ ತಲೆಯಲ್ಲಿ "ಸಾಮಾನ್ಯ ಮೈ" ಅಂತ ಒಂದು ಅಳತೆ ಕೂತಿರುತ್ತದೆ. ದಿನಾ ನೋಡುವ ಜನರಿಂದ ಕೂಡಿಟ್ಟುಕೊಂಡದ್ದು. ಅಂದಾಜು ಮಾಡುವಾಗ ನಮಗೇ ಗೊತ್ತಿಲ್ಲದ ಹಾಗೆ ಅದರ ಕಡೆಗೆ ವಾಲುತ್ತೇವೆ. ಹಾಗಾಗಿ ಸರಾಸರಿಗಿಂತ ದಪ್ಪ ಇರುವವರು ತಮ್ಮನ್ನು ಕಡಿಮೆ ಅಂದಾಜು ಮಾಡುತ್ತಾರೆ, ತೆಳ್ಳಗಿರುವವರು ಜಾಸ್ತಿ. ಇಂಗ್ಲೆಂಡಿನಲ್ಲಿ ಪಿಯರ್ಸ್ ಕಾರ್ನೆಲಿಸನ್, ಮಾರ್ಟಿನ್ ಟೋವಿ ಇವರೆಲ್ಲ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಇದರ ಜೊತೆಗೆ, 45 ಕೆಜಿ ಇರುವವರು 5 ಕೆಜಿ ಏರಿದರೆ ಎದುರು ಮನೆಯವರಿಗೂ ಗೊತ್ತಾಗುತ್ತದೆ, 90 ಕೆಜಿ ಇರುವವರು ಅಷ್ಟೇ ಏರಿದರೆ ಅವರಿಗೇ ಗೊತ್ತಾಗುವುದಿಲ್ಲ.

ಆ "ಸಾಮಾನ್ಯ" ಅಳತೆ ನಿಂತಲ್ಲಿ ನಿಲ್ಲುವುದೂ ಇಲ್ಲ. ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಇಯಾನ್ ಸ್ಟೀಫನ್, ಕೆವಿನ್ ಬ್ರೂಕ್ಸ್ ಅವರ ತಂಡ ತೋರಿಸಿದ ಹಾಗೆ, ತೆಳ್ಳಗಿನ ಮೈಗಳ ಚಿತ್ರಗಳನ್ನು ಒಂದಷ್ಟು ನಿಮಿಷ ನೋಡಿಸಿದರೆ ಸಾಕು, ಆಮೇಲೆ ಮಾಮೂಲಿ ಮೈ ದಪ್ಪ ಕಾಣಲು ಶುರುವಾಗುತ್ತದೆ. ದಪ್ಪ ಮೈಗಳನ್ನು ನೋಡಿಸಿದರೆ ಉಲ್ಟಾ. ದಿನಾ ಮೂರು ಗಂಟೆ ರೀಲ್ಸ್ ನೋಡುವವರ ಕಣ್ಣಿನ ಗತಿ ನೀವೇ ಲೆಕ್ಕ ಹಾಕಿ.

ಇನ್ನು ಹೆಡ್‌ಸೆಟ್ಟು. ವಿಆರ್‌ನಲ್ಲಿ ದೂರವೇ ನಮಗೆ ಸರಿಯಾಗಿ ತಿಳಿಯುವುದಿಲ್ಲ. 2013ರಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟುಮಾಡಿ ನೋಡಿದಾಗ, ಜನ ಸರಾಸರಿ ನಿಜ ದೂರದ 74% ಅಷ್ಟೇ ಅಂದಾಜು ಮಾಡುತ್ತಿದ್ದರು. ಹೊಸ ಹೆಡ್‌ಸೆಟ್‌ಗಳಲ್ಲಿ ಈ ತೊಂದರೆ ಕಡಿಮೆಯಾಗಿದೆ, ಹೋಗಿಲ್ಲ. ಎರಡು ಕಣ್ಣಿನ ನಡುವಿನ ಅಂತರ ಇನ್ನೊಂದು ತಲೆನೋವು. ದೊಡ್ಡವರಲ್ಲಿ ಸರಾಸರಿ 63 ಮಿ.ಮೀ. ಸಾಫ್ಟ್‌ವೇರು ಇದಕ್ಕಿಂತ ಕಡಿಮೆ ಅಂತರ ಹಿಡಿದು ಚಿತ್ರ ಬಿಡಿಸಿದರೆ ಎಲ್ಲವೂ ದೊಡ್ಡದಾಗಿ, ಜಾಸ್ತಿ ಹಿಡಿದರೆ ಚಿಕ್ಕದಾಗಿ ಕಾಣುತ್ತದೆ. ಮೇಳದಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಅದೇ ಹೆಡ್‌ಸೆಟ್ ಸಿಕ್ಕಿಸುವಾಗ ಇದನ್ನು ಯಾರು ಸರಿಮಾಡುತ್ತಾರೆ ಹೇಳಿ.

ಆದರೆ ಹಾಗೇನಾದರೂ ಆಗಿದ್ದರೆ ನೀವು ಎತ್ತರವಾಗಿಯೂ ಕಾಣಬೇಕಿತ್ತು. ನಿಮಗೆ ಅಗಲ ಮಾತ್ರ ಜಾಸ್ತಿ ಕಂಡಿದೆ. ಹಾಗಾಗಿ ಪೂರ್ತಿ ತಪ್ಪನ್ನು ಹೆಡ್‌ಸೆಟ್ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ.

ಟೇಪು_ಕತ್ತರಿ

ದಾವಣಗೆರೆಯಲ್ಲಿ ಟೈಲರ್ ನಾನು. ಭಟ್ರು ಇಷ್ಟೆಲ್ಲ ಬರೆದರು, ಒಂದು ಮಾತು ಕೇಳಲಿಲ್ಲ. ಅಕ್ಕಾ, ಕುರ್ತಾ ಹಾಕಿಕೊಂಡೇ ಸ್ಕ್ಯಾನ್ ಮಾಡಿಸಿದ್ರಾ? ಲೂಸ್ ಕುರ್ತಾನಾ?

ಕ್ಯಾಮೆರಾಗೆ ಬಟ್ಟೆಯ ಹೊರಗಿನ ಗಡಿ ಕಾಣುತ್ತದೆ, ಒಳಗಿನ ಸೊಂಟ ಎಲ್ಲಿ ಕಾಣಬೇಕು? ನಾನು ಟೇಪು ಹಿಡಿದಾಗಲೂ ದುಪಟ್ಟಾ, ಸ್ವೆಟರ್ ತೆಗೆಸಿಯೇ ಅಳತೆ ತೆಗೆಯುವುದು. ಕುರ್ತಾ ಮೇಲೆ ಹಿಡಿದರೆ ಸೊಂಟದಲ್ಲಿ ಮೂರು ನಾಲ್ಕು ಇಂಚು ಆರಾಮಾಗಿ ಜಾಸ್ತಿ ಬರುತ್ತದೆ. ತಂಗಿ "ನೀನೇ" ಅಂದಿದ್ದಕ್ಕೂ ಅದೇ ಕಾರಣ ಇರಬಹುದು. ಅವಳು ನಿಮ್ಮನ್ನು ದಿನಾ ನೋಡುವುದು ಕುರ್ತಾದಲ್ಲೇ ಅಲ್ವಾ.

ಇನ್ನು ಕನ್ನಡಿ ಮೇಲೆ ಭಾರ ಹಾಕಬೇಡಿ, ಅದೂ ಎಲ್ಲರನ್ನೂ ಏಮಾರಿಸುತ್ತದೆ. ಬಚ್ಚಲುಮನೆ ಕನ್ನಡಿಗೆ ಹಬೆ ಹಿಡಿದಾಗ ಒಂದು ಕಣ್ಣು ಮುಚ್ಚಿಕೊಂಡು ನಿಮ್ಮ ಮುಖದ ಸುತ್ತ ಬೆರಳಲ್ಲಿ ಗೆರೆ ಎಳೆಯಿರಿ. ಆಮೇಲೆ ಟೇಪು ಹಿಡಿಯಿರಿ. ಮುಖದ ಅರ್ಧ ಅಳತೆ ಇರುತ್ತದೆ. ಹಿಂದೆ ಸರಿದು ಇನ್ನೊಂದು ಸಲ ಎಳೆದರೂ ಅರ್ಧವೇ. ನನ್ನ ಮಗ ಪಿಯುಸಿ ಓದುವಾಗ ಮಾಡಿ ತೋರಿಸಿದ. ದಿನಾ ನೋಡುತ್ತೇವೆ, ಒಬ್ಬರಿಗೂ ಗೊತ್ತಾಗುವುದಿಲ್ಲ.

ಅಂಗಡಿಗೆ ಬರುವವರ ಕಥೆ ಇನ್ನೂ ಮಜಾ. ಅಳತೆ ಬ್ಲೌಸ್ ಅಂತ ಮದುವೆಗೆ ಹೊಲಿಸಿದ್ದನ್ನು ತಂದುಕೊಡುತ್ತಾರೆ, "ಇದೇ ಅಳತೆ, ಬೇಕಾದರೆ ಸ್ವಲ್ಪ ಟೈಟ್ ಮಾಡಿ" ಅಂತಾರೆ. ನಾನು ಸುಮ್ನೆ ತಲೆ ಆಡಿಸಿ, ಟೇಪು ಹೇಳಿದ್ದನ್ನು ಹೊಲಿದು, ಒಳಗೆ ಒಂದೂವರೆ ಇಂಚು ಬಟ್ಟೆ ಬಿಟ್ಟಿರುತ್ತೇನೆ. ಯಾರ ಜೊತೆಗೂ ವಾದ ಮಾಡಲು ಹೋಗುವುದಿಲ್ಲ.

ಮಲೆನಾಡ್_ಮಳೆ

ಅಣ್ಣಾ, ಹೌದು! ಅನಾರ್ಕಲಿ ಥರದ ಲೂಸ್ ಕುರ್ತಾ. ತಂಗಿ ಜೀನ್ಸ್, ಟೀ ಶರ್ಟ್ ಹಾಕಿದ್ದಳು. ಸ್ಟಾಲಿನವರು ಬಟ್ಟೆ ಬಗ್ಗೆ ಏನೂ ಕೇಳಲಿಲ್ಲ.

ನೇರಾನೇರ

ಸುಮ್ನೆ ಯಾಕೆ ಇಷ್ಟು ಸುತ್ತಿ ಬಳಸಿ ಹೇಳುತ್ತೀರಿ? ಕ್ಯಾಮೆರಾ ಸುಳ್ಳು ಹೇಳಲ್ಲ. ಬಟ್ಟೆ ಒಂದಿಂಚು ಎರಡಿಂಚು ಇರಬಹುದು, ಮಿಕ್ಕಿದ್ದೆಲ್ಲ ಮಿಲಿಮೀಟರ್ ಲೆಕ್ಕದಲ್ಲಿ ಪಕ್ಕಾ ಇರುತ್ತದೆ. ಮನುಷ್ಯರಿಗೆ ತಮ್ಮ ಹೊಟ್ಟೆ ನೋಡಿಕೊಳ್ಳಲು ಧೈರ್ಯ ಇಲ್ಲ, ಅಷ್ಟೇ ವಿಷಯ.

ಪಿಕ್ಸೆಲ್_ಭಟ್ರು

ಟೈಲರ್ ಅಣ್ಣ ಹಿಡಿದದ್ದು ಸರಿ. ಸಂಶೋಧನೆಗೆ ಸ್ಕ್ಯಾನ್ ಮಾಡುವಾಗ ಮೈಗೆ ಅಂಟಿದ ಬಟ್ಟೆ ಕೊಡುತ್ತಾರೆ, ಇದೇ ಕಾರಣಕ್ಕೆ.

ನೇರಾನೇರ ಅವರೇ, ಕ್ಯಾಮೆರಾ ಸುಳ್ಳು ಹೇಳದೆ ಇರಬಹುದು, ಆದರೆ ನೀವು ನೋಡುವುದು ಕ್ಯಾಮೆರಾ ಕಂಡದ್ದನ್ನಲ್ಲ. ಸ್ಕ್ಯಾನಿನಲ್ಲಿ ಕಂಕುಳು, ತೊಡೆ ಸಂದು, ಬೆರಳಿನ ನಡುವೆ ಎಲ್ಲ ತೂತು ಬಿದ್ದಿರುತ್ತದೆ. ಅದನ್ನು ತುಂಬುವುದಕ್ಕೆ, ಅವತಾರ ಕೈಕಾಲು ಆಡಿಸುವುದಕ್ಕೆ, ಮೊದಲೇ ಸಾವಿರಾರು ಜನರ ಸ್ಕ್ಯಾನಿನಿಂದ ಕಲಿತ ಒಂದು ಮಾದರಿ ಮೈಯನ್ನು ನಿಮ್ಮ ಸ್ಕ್ಯಾನಿಗೆ ಕೂರಿಸುತ್ತಾರೆ. ಈಗ ಎಲ್ಲ ಕಡೆ ಓಡುವ ಇಂಥ ಒಂದು ಮಾದರಿ ಎಸ್‌ಎಂಪಿಎಲ್. 2015ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಮೈಕೆಲ್ ಬ್ಲ್ಯಾಕ್ ಅವರ ತಂಡ ಮಾಡಿದ್ದು. ಮೈಯ ಆಕಾರವನ್ನು ಅದು ಕಲಿತದ್ದು ಅಮೆರಿಕ, ಯುರೋಪಿನ ಸುಮಾರು 4 ಸಾವಿರ ಜನರ ಸ್ಕ್ಯಾನಿನಿಂದ. ನೀವು ರಿಮೋಟಿನಲ್ಲಿ 5 ಕೆಜಿ ಏರಿಸಿದರೆ ಆ 5 ಕೆಜಿ ಎಲ್ಲಿ ಹೋಗಿ ಕೂರಬೇಕು, ತೊಡೆಗಾ, ತೋಳಿಗಾ, ಹೊಟ್ಟೆಗಾ ಅಂತ ತೀರ್ಮಾನ ಮಾಡುವುದು ಆ ಜನರ ಮೈ. ನಮ್ಮ ಕಡೆ ಸಣ್ಣ ಕೈಕಾಲು, ಹೊಟ್ಟೆ ಮಾತ್ರ ಮುಂದೆ ಅನ್ನುವ ಮೈಕಟ್ಟು ಎಷ್ಟು ಮಾಮೂಲಿ ಅಂತ ಗೊತ್ತಲ್ಲ. ನಮ್ಮವರನ್ನೇ ಅಳೆಯೋಣ ಅಂತ ಫ್ಯಾಷನ್ ಕಲಿಸುವ ನಿಫ್ಟ್ ಸಂಸ್ಥೆ ಇಂಡಿಯಾಸೈಜ್ ಯೋಜನೆ ತಂದಿತು. ಬೆಂಗಳೂರೂ ಸೇರಿ ಆರು ಊರುಗಳಲ್ಲಿ 25 ಸಾವಿರ ಜನರನ್ನು ಸ್ಕ್ಯಾನ್ ಮಾಡುವ ಗುರಿ. ಅದರ ಉದ್ದೇಶ ರೆಡಿಮೇಡ್ ಬಟ್ಟೆಯ ಸೈಜು, ವಿಆರ್ ಅಲ್ಲ. ಆದರೂ ಬೇಕಾಗಿದ್ದ ಕೆಲಸ.

ತಲೆ ಬಗ್ಗಿಸಿ ನೋಡಿದಾಗ ಬೇರೆ ಥರ ಕಂಡಿತು ಅಂದಿರಿ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ. ಮೇಲಿನಿಂದ ನೋಡುವಾಗ ಎದೆ, ಹೊಟ್ಟೆ ಕಣ್ಣಿಗೆ ಹತ್ತಿರ, ಕಾಲು ದೂರ. ಹೊಟ್ಟೆ ದೊಡ್ಡದಾಗಿಯೇ ಕಾಣಬೇಕು. ಆದರೆ ಅಷ್ಟೇ ಅಲ್ಲ, ಕನ್ನಡಿಯಲ್ಲಿರುವುದು ನಮ್ಮ ಚಿತ್ರ, ಬಗ್ಗಿ ನೋಡಿದಾಗ ಕಾಣುವುದು ನಾವೇ ಒಳಗಿರುವ ಮೈ. ಈ ಎರಡನೇದನ್ನು ಮಿದುಳು ಬಹಳ ಸಲೀಸಾಗಿ ನಂಬಿಬಿಡುತ್ತದೆ. 2011ರಲ್ಲಿ ಬಾರ್ಸಿಲೋನಾದ ಮೆಲ್ ಸ್ಲೇಟರ್ ತಂಡ ಗಂಡಸರಿಗೆ ಹೆಡ್‌ಸೆಟ್ ಹಾಕಿಸಿ, ಬಗ್ಗಿ ನೋಡಿದರೆ ದೊಡ್ಡ ಹೊಟ್ಟೆ ಕಾಣುವ ಹಾಗೆ ಮಾಡಿತು. ಕೋಲಿನಿಂದ ನಿಜವಾದ ಹೊಟ್ಟೆಗೆ ತಟ್ಟಿದಾಗ ವಿಆರ್ ಹೊಟ್ಟೆಗೂ ಅದೇ ಕ್ಷಣಕ್ಕೆ ಕೋಲು ತಾಗುವುದು ಕಾಣಬೇಕು. ಹಾಗೆ ತಾಳ ಕೂಡಿದಾಗ, ಆಮೇಲೆ ನಿಮ್ಮ ಹೊಟ್ಟೆ ಎಷ್ಟಿದೆ ತೋರಿಸಿ ಅಂದರೆ ಮೊದಲಿಗಿಂತ ದೊಡ್ಡದಾಗಿ ತೋರಿಸಿದರು. ಕಣ್ಣು ಮತ್ತು ಚರ್ಮ ಒಂದೇ ಮಾತು ಹೇಳಿದರೆ ಮಿದುಳು ಸಾಕ್ಷಿ ಕೇಳುವುದಿಲ್ಲ.

ಮೈಯ ಅಳತೆ ತಪ್ಪಿದರೆ ಸುತ್ತಲಿನ ಲೋಕದ ಅಳತೆಯೂ ತಪ್ಪುತ್ತದೆ. ಅದೇ ವರ್ಷ ಸ್ಟಾಕ್‌ಹೋಮಿನಲ್ಲಿ ಹೆನ್ರಿಕ್ ಎರ್ಸನ್ ತಂಡ ಜನರನ್ನು ಮಲಗಿಸಿ, ಹೆಡ್‌ಸೆಟ್ಟಿನಲ್ಲಿ ಅವರ ಕಾಲಿನ ಬದಲು 30 ಸೆಂ.ಮೀ. ಗೊಂಬೆಯ ಕಾಲು ತೋರಿಸಿತು. ಗೊಂಬೆಯನ್ನೂ ಅವರ ಕಾಲನ್ನೂ ಒಟ್ಟಿಗೆ ಸವರುತ್ತಿದ್ದರು. ಸ್ವಲ್ಪ ಹೊತ್ತಿಗೆ ಎದುರಿಗಿಟ್ಟ ವಸ್ತುಗಳು ಅವರಿಗೆ ದೊಡ್ಡದಾಗಿ, ದೂರವಾಗಿ ಕಂಡವು. 4 ಮೀಟರಿನ ದೈತ್ಯ ಗೊಂಬೆ ಇಟ್ಟಾಗ ಅವೇ ವಸ್ತುಗಳು ಚಿಕ್ಕದಾಗಿ, ಹತ್ತಿರವಾಗಿ ಕಂಡವು. 2013ರಲ್ಲಿ ಸ್ಲೇಟರ್ ತಂಡ ದೊಡ್ಡವರನ್ನು ನಾಲ್ಕು ವರ್ಷದ ಮಗುವಿನ ಮೈಯೊಳಗೆ ಕೂರಿಸಿತು. ಅಷ್ಟೇ ಎತ್ತರಕ್ಕೆ ಕುಗ್ಗಿಸಿದ ದೊಡ್ಡವರ ಮೈಯೊಳಗೂ ಕೂರಿಸಿತು. ಎರಡರಲ್ಲೂ ವಸ್ತುಗಳು ದೊಡ್ಡದಾಗಿ ಕಂಡವು, ಆದರೆ ಮಗುವಿನ ಮೈಯಲ್ಲಿ ಇನ್ನೂ ಜಾಸ್ತಿ. ಎತ್ತರ ಒಂದೇ, ಆಕಾರ ಮಾತ್ರ ಬೇರೆ! ಅಂದರೆ ಮಿದುಳು ಹಿಡಿಯುವುದು ಬರೀ ಸೆಂಟಿಮೀಟರನ್ನಲ್ಲ, ನಾನು ಯಾರು ಅನ್ನುವುದನ್ನೂ ಸೇರಿಸಿಕೊಳ್ಳುತ್ತದೆ.

ಓದ್ತಾ_ಇದೀನಿ

ಕ್ಲಿನಿಕಲ್ ಸೈಕಾಲಜಿ ವಿದ್ಯಾರ್ಥಿನಿ. ಡಾಕ್ಟರ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಹೆಡ್‌ಸೆಟ್ ಹಿಂದೆ ಬಿದ್ದು ಪ್ರಶ್ನೆಯ ಕೊನೆಯ ಭಾಗ ಮರೆತಿದ್ದೀರಿ.

ಅಕ್ಕಾ, ಅಣ್ಣನ ಮಗಳಿಗೆ ಅವತಾರ ಮಾಡಿಸುವ ಯೋಚನೆ ಬಿಡಿ. ಊಟ ಬಿಡುವ ಹುಡುಗಿಯರು ಕನ್ನಡಿಯಲ್ಲಿ ತಮ್ಮನ್ನು ದಪ್ಪಗೆ ಕಾಣುತ್ತಾರೆ, ಕಣ್ಣೇ ಮೋಸ ಮಾಡುತ್ತದೆ, ನಿಜ ತೋರಿಸಿದರೆ ಸರಿಹೋಗುತ್ತಾರೆ ಅಂತ ಎಲ್ಲರೂ ತಿಳಿದಿರುತ್ತಾರೆ. ಇದನ್ನೇ ಪರೀಕ್ಷೆ ಮಾಡಲು ಟ್ಯೂಬಿಂಗನ್‌ನಲ್ಲಿ ಸಿಮೋನ್ ಮೋಲ್‌ಬರ್ಟ್, ಬೆಟ್ಟಿ ಮೋಲರ್ ಮತ್ತು ಇತರರು ಅನೊರೆಕ್ಸಿಯಾ (ದಪ್ಪ ಆಗುವ ಭಯಕ್ಕೆ ಊಟ ಬಿಡುವ ಕಾಯಿಲೆ) ಇರುವ 24 ಹೆಂಗಸರನ್ನು, ಇಲ್ಲದ 24 ಹೆಂಗಸರನ್ನು ಸ್ಕ್ಯಾನ್ ಮಾಡಿ, ಅವರವರದೇ ಆಳೆತ್ತರದ ಅವತಾರ ಮಾಡಿದರು. ತೂಕವನ್ನು 20% ತನಕ ಮೇಲೆ ಕೆಳಗೆ ಮಾಡಿ ತೋರಿಸಿ, ಇದು ನಿಮ್ಮ ಮೈಯಾ ಅಂತ ಕೇಳಿದರು. ನೀವು ಮಾಡಿದ ಹಾಗೆ ತಾವೇ ಸರಿಸಿ ನಿಲ್ಲಿಸುವ ಪರೀಕ್ಷೆಯೂ ಇತ್ತು. 2018ರಲ್ಲಿ ಅಚ್ಚಾಯಿತು. ಕಾಯಿಲೆ ಇರುವವರು ತಮ್ಮನ್ನು ದಪ್ಪವಾಗಿ ಅಂದಾಜು ಮಾಡಲಿಲ್ಲ. ಎರಡು ಗುಂಪಿನಲ್ಲೂ ಅಂದಾಜು ತುಸು ಕಡಿಮೆಯ ಕಡೆಗೇ ಇತ್ತು. ನಿಮಗೆ ಯಾವ ಮೈ ಬೇಕು ಅಂತ ಕೇಳಿದಾಗ ಮಾತ್ರ ದಾರಿ ಬೇರೆಯಾಯಿತು. ಕಾಯಿಲೆ ಇರುವವರು ತೀರಾ ಸಣಕಲು ಮೈಯನ್ನೇ ಆರಿಸಿಕೊಂಡರು. ಅಂದರೆ ಕಣ್ಣಿಗೆ ಕಾಣುವುದು ಸರಿಯಾಗಿಯೇ ಕಾಣುತ್ತಿದೆ, ಕಂಡದ್ದು ಸಾಲದು ಅನ್ನಿಸುತ್ತಿದೆ. ಅಂಥವರಿಗೆ "ನೋಡು, ಎಷ್ಟು ತೆಳ್ಳಗಿದ್ದೀ" ಅಂದರೆ ಏನಾಗುತ್ತದೆ? ಹೊಗಳಿದ ಹಾಗಾಗುತ್ತದೆ.

ಹಾಗಂತ ಮೈಯ ಅರಿವು ಪೂರ್ತಿ ಸರಿ ಇರುತ್ತದೆ ಅಂತಲೂ ಅಲ್ಲ. ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಅನೌಕ್ ಕೈಜರ್ 2013ರಲ್ಲಿ ಜನರನ್ನು ಬೇರೆ ಬೇರೆ ಅಗಲದ ಬಾಗಿಲಿನಂಥ ಸಂದಿಯಲ್ಲಿ ನಡೆಸಿದರು. ಅವರ ಗಮನ ಬೇರೆ ಕೆಲಸದ ಮೇಲೆ ಇರುವ ಹಾಗೆ ನೋಡಿಕೊಂಡಿದ್ದರು. ಆರೋಗ್ಯವಾಗಿದ್ದವರು ಸಂದಿ ತಮ್ಮ ಭುಜಕ್ಕಿಂತ 25% ಅಗಲ ಇದ್ದಾಗ ಭುಜ ಓರೆ ಮಾಡಲು ಶುರು ಮಾಡಿದರು. ಅನೊರೆಕ್ಸಿಯಾ ಇದ್ದವರು 40% ಅಗಲ ಇದ್ದಾಗಲೇ ಓರೆ ಮಾಡಿದರು. ಕಣ್ಣು ಹೇಳುವ ಲೆಕ್ಕ ಒಂದು, ಕಾಲು ನಡೆಯುವ ಲೆಕ್ಕ ಇನ್ನೊಂದು.

2016ರಲ್ಲಿ ಅದೇ ತಂಡ ವಿಆರ್ ಬಳಸಿ, ಆರೋಗ್ಯಕರ ತೂಕದ ಒಂದು ಮೈಯನ್ನು ಅವರದ್ದೇ ಅನ್ನಿಸುವ ಹಾಗೆ ಮಾಡಿತು. ಆಮೇಲೆ ಮೈಯ ಅಗಲ, ಸುತ್ತಳತೆಯನ್ನು ಜಾಸ್ತಿ ಹೇಳುವುದು ಕಡಿಮೆಯಾಯಿತು, ಎರಡು ಗಂಟೆ ಮೇಲೂ ಹಾಗೇ ಉಳಿಯಿತು. ಅದು ಪರಿಣತರು ನೋಡಿಕೊಂಡು ಮಾಡಿದ್ದು. ಮೇಳದ ಸ್ಟಾಲಿನಲ್ಲಿ ಮಾಡುವಂಥದ್ದಲ್ಲ.

ನೀವು ಮಾಡಬೇಕಾದ್ದು ಬೇರೆ. ಅವಳ ಮುಂದೆ ದಪ್ಪ, ತೆಳು, ಡಯಟ್ ಮಾತು ನಿಲ್ಲಿಸಿ, ಮನೆಯಲ್ಲಿ ಬೇರೆಯವರದ್ದೂ ನಿಲ್ಲಿಸಿ. ತೂಕ ಬೇಗ ಇಳಿಯುತ್ತಿದೆಯಾ, ಮುಟ್ಟು ನಿಂತಿದೆಯಾ, ತಲೆ ಸುತ್ತು ಬರುತ್ತದಾ ಅಂತ ಅತ್ತಿಗೆ ಹತ್ತಿರ ಮೆತ್ತಗೆ ವಿಚಾರಿಸಿ. ಇವುಗಳಲ್ಲಿ ಒಂದಿದ್ದರೂ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಬೆಂಗಳೂರಿಗೆ ಬರುವುದಾದರೆ ನಿಮ್ಹಾನ್ಸ್ ಇದೆ. ಮೊದಲು ಫೋನಿನಲ್ಲೇ ಕೇಳಬೇಕು ಅಂದರೆ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡುತ್ತಾರೆ.

ನೇರಾನೇರ

ಕೊನೆಯ ಉತ್ತರ ಒಪ್ಪಿದೆ. ಆದರೆ ಭಟ್ರೇ, ನೀವು ಹೇಳಿದ ಸಣ್ಣ ಕೈಕಾಲಿನ ಮೈಕಟ್ಟಿನ ಬಗ್ಗೆ ನನ್ನದೂ ಒಂದು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ಡಾಕ್ಟರುಗಳ ಫೋಟೊ ಬಂದಿತ್ತು, ಪುಣೆಯ ಯಾಜ್ಞಿಕ್, ಲಂಡನ್ನಿನ ಯುಡ್ಕಿನ್. ಇಬ್ಬರದೂ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 22.3. ಮೈಯಲ್ಲಿನ ಕೊಬ್ಬು ಯುಡ್ಕಿನ್‌ಗೆ 9.1%, ಯಾಜ್ಞಿಕ್‌ಗೆ 21.2%. ನಮ್ಮಲ್ಲಿ ಎಷ್ಟೋ ಜನ ಕಣ್ಣಿಗೆ ತೆಳ್ಳಗಿದ್ದು ಒಳಗೆ ಕೊಬ್ಬು ಇಟ್ಟುಕೊಂಡಿರುತ್ತಾರೆ. ಇದು ಯಾವ ಅವತಾರದಲ್ಲೂ ಕಾಣಲ್ಲ. ಕಣ್ಣು ಸರಿಯಾ ಸ್ಕ್ಯಾನ್ ಸರಿಯಾ ಅಂತ ಜಗಳ ಆಡುವ ಬದಲು ಸೊಂಟದ ಸುತ್ತಳತೆ ನೋಡಿಕೊಳ್ಳಿ. ನಮ್ಮವರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. ದೊಡ್ಡವರ ಲೆಕ್ಕ ಹೇಳಿದ್ದು, ಆ ಹುಡುಗಿಗೆ ದಯವಿಟ್ಟು ಟೇಪು ಹಿಡಿಯಬೇಡಿ.

ಮಲೆನಾಡ್_ಮಳೆ

ಎಲ್ಲರಿಗೂ ಥ್ಯಾಂಕ್ಸ್. ಅತ್ತಿಗೆಗೆ ಫೋನ್ ಮಾಡಿದೆ. ಮುಟ್ಟು ಎರಡು ತಿಂಗಳಿಂದ ಆಗಿಲ್ಲವಂತೆ, ಪರೀಕ್ಷೆ ಟೆನ್ಷನ್ ಅಂದುಕೊಂಡು ಸುಮ್ಮನಿದ್ದರಂತೆ. ಶನಿವಾರ ಡಾಕ್ಟರ್ ಹತ್ತಿರ ಹೋಗುತ್ತಾರೆ, ನಾನೂ ಹೋಗುತ್ತಿದ್ದೇನೆ. ಅವಳಿಗೆ ಏನಂತ ಹೇಳಿ ಕರೆದುಕೊಂಡು ಹೋಗಬೇಕು ಅನ್ನುವುದೇ ತಿಳಿಯುತ್ತಿಲ್ಲ.

ಓದ್ತಾ_ಇದೀನಿ

ತೂಕದ ಮಾತು ಎತ್ತಬೇಡಿ. "ಮುಟ್ಟು ನಿಂತಿದೆಯಲ್ಲ, ಸುಸ್ತು ಕೂಡ ಇದೆ, ಯಾಕೆ ಅಂತ ಡಾಕ್ಟರ್ ಹತ್ತಿರ ಕೇಳಿಕೊಂಡು ಬರೋಣ" ಅನ್ನಿ. ಅದು ಸುಳ್ಳೂ ಅಲ್ಲ. ಒಳಗೆ ಹೋದ ಮೇಲೆ ಅವಳು ಡಾಕ್ಟರ್ ಜೊತೆ ಸ್ವಲ್ಪ ಹೊತ್ತು ಒಬ್ಬಳೇ ಮಾತಾಡಬೇಕು ಅಂದರೆ ಬಿಡಿ. ಊಟ ಬಿಡುತ್ತಿರುವ ವಿಷಯವನ್ನು ಮೊದಲೇ ಅತ್ತಿಗೆ ಡಾಕ್ಟರಿಗೆ ಫೋನಿನಲ್ಲಿ ತಿಳಿಸಿದ್ದರೆ ಅವಳ ಎದುರಿಗೆ ಹೇಳುವ ಪ್ರಸಂಗ ಬರುವುದಿಲ್ಲ.